ತಕ್ಕದ್ದು, ಬೇಕು, ಬಹುದು

ಕಳೆದ ವಾರ ನಮ್ಮ ಲ್ಯಾಬಿನಲ್ಲಿ ಒಂದು ಸರ್ಕ್ಯೂಟ್ ಬೋರ್ಡು ಅರ್ಧ ಜೀವ ಹಿಡಿದುಕೊಂಡು ಕೂತಿತ್ತು. ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್ ಯು-ಬೂಟ್ ಓಡುವಾಗ ನೆಟ್‌ವರ್ಕ್ ಪೋರ್ಟ್ ಸತ್ತುಬಿದ್ದಿದೆ. ಲಿನಕ್ಸ್ ಎದ್ದಕೂಡಲೇ ಅದೇ ಪೋರ್ಟಿನ ಹಸಿರು ದೀಪ ಮಿಣಮಿಣ. ಕೇಬಲ್ ಬದಲಾಯಿಸಿದೆವು, ಸ್ವಿಚ್ ಬದಲಾಯಿಸಿದೆವು, ಕೊನೆಗೆ ಬೋರ್ಡನ್ನೇ ಬದಲಾಯಿಸಿದೆವು. ರಾತ್ರಿ ಒಂಬತ್ತೂವರೆಗೆ ಕಳ್ಳ ಸಿಕ್ಕಿಬಿದ್ದ. ಅವನ ಹೆಸರು 'ಓಕೆ', ಅಡಗಿದ್ದದ್ದು ಬೋರ್ಡಿನ ಡಿವೈಸ್‌ಟ್ರೀ ಫೈಲಿನಲ್ಲಿ.

ಗೊತ್ತಿಲ್ಲದವರಿಗೆ: ಡಿವೈಸ್‌ಟ್ರೀ ಅಂದರೆ ಬೋರ್ಡಿನ ಜಾತಕ. ಕಂಪ್ಯೂಟರಿಗೆ ಸಿಕ್ಕಿಸುವ ಪಿಸಿಐ ಕಾರ್ಡನ್ನು ಮಾತಾಡಿಸಿದರೆ ಅದೇ ತನ್ನ ಕುಲಗೋತ್ರ ಒಪ್ಪಿಸುತ್ತದೆ. ಚಿಪ್ಪಿನೊಳಗಿನ ಟೈಮರು, ಸೀರಿಯಲ್ ಪೋರ್ಟುಗಳು ಬಾಯಿ ಬಿಡುವುದಿಲ್ಲ. ಯಾವ ಮನೆಯಲ್ಲಿ ಯಾವ ಗ್ರಹ ಕೂತಿದೆ ಅಂತ ಯಾರಾದರೂ ಬರೆದು ಲಿನಕ್ಸಿನ ತಿರುಳಾದ ಕರ್ನಲ್ ಕೈಗೆ ಕೊಡಬೇಕು. 1994ರ ಐಇಇಇ 1275 ಎಂಬ ಸ್ಟ್ಯಾಂಡರ್ಡ್ ಇದರ ಮುತ್ತಜ್ಜ. ಆರ್ಮ್ ಚಿಪ್ಪಿನ ಪಂಗಡದವರು ಬೋರ್ಡಿಗೊಂದರಂತೆ ಕರ್ನಲ್ಲಿಗೇ ಸಿ ಫೈಲ್ ತುರುಕುತ್ತಿದ್ದಾಗ, 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ರೇಗಿದ ಮೇಲೆ ಅವರೂ ಜಾತಕ ಬರೆಯಲು ಕೂತರು.

ಈಗ ಓಕೆ ವಿಚಾರ. ಕನ್ನಡದಲ್ಲಿ ಬರೆದರೆ ಓಕೆ ಒಂದೇ. ಇಂಗ್ಲಿಷಿನಲ್ಲಿ ಎರಡಕ್ಷರದ್ದೊಂದು, ನಾಲ್ಕಕ್ಷರದ್ದೊಂದು. ಜಾತಕದಲ್ಲಿ ಒಂದು ಸಾಧನ ಚಾಲ್ತಿಯಲ್ಲಿದೆಯೇ ಎಂದು ಹೇಳುವ 'ಸ್ಟೇಟಸ್' ಕಾಲಮ್ಮಿಗೆ ಡಿವೈಸ್‌ಟ್ರೀಯ ನಿಯಮಪುಸ್ತಕ, ಅಂದರೆ ಸ್ಪೆಸಿಫಿಕೇಶನ್, ಮಂಜೂರು ಮಾಡಿರುವುದು ನಾಲ್ಕಕ್ಷರದ್ದನ್ನು ಮಾತ್ರ. ಲಿನಕ್ಸ್ ಉದಾರಿ, ಎರಡನ್ನೂ ಒಪ್ಪುತ್ತದೆ. ಯು-ಬೂಟಿನ ಒಂದು ಫೈಲಿನಲ್ಲಿ ಮಾತ್ರ ಮಡಿವಂತರೊಬ್ಬರು ಟಿಪ್ಪಣಿಯನ್ನೇ ಬರೆದಿಟ್ಟಿದ್ದಾರೆ: ಎರಡಕ್ಷರದ್ದು ಬಗ್, ನಿಮ್ಮ ಫೈಲ್ ಸರಿಮಾಡಿಕೊಳ್ಳಿ. ನಮಗೆ ಬೋರ್ಡು ಕಳಿಸಿದವರು ಎರಡಕ್ಷರದಲ್ಲೇ ಮುಗಿಸಿದ್ದರು. ಉಳಿಸಿದ ಎರಡಕ್ಷರದ ಬಾಬ್ತು ನಮ್ಮ ಮೂರು ದಿನ.

ಸ್ಪೆಸಿಫಿಕೇಶನ್ ಬರೆದವರು ಮಾತು ಬಲ್ಲವರೇ. 'ಶಲ್' ಅಂದರೆ ತಪ್ಪಿಸುವಂತಿಲ್ಲ, 'ಶುಡ್' ಅಂದರೆ ಶಿಫಾರಸು, 'ಮೇ' ಅಂದರೆ ಅನುಮತಿ ಅಂತ ಮೊದಲೇ ಹೇಳಿಬಿಡುತ್ತಾರೆ. ನಮ್ಮ ಸರ್ಕಾರಿ ಕನ್ನಡದ ತಕ್ಕದ್ದು, ಬೇಕು, ಬಹುದು ಇದ್ದಂತೆ. ಆಮೇಲೆ ವಿಳಾಸ ಎಷ್ಟು ಸೆಲ್ (32 ಬಿಟ್‌ನ ತುಂಡು) ಉದ್ದ ಎಂದು ಹೇಳುವ ಪ್ರಾಪರ್ಟಿಗೆ, ಅಂದರೆ ಜಾತಕದ ಒಂದು ನಮೂದಿಗೆ, ಬರುತ್ತಾರೆ. ಸಾರಾಂಶ ಹೀಗೆ: ಇದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ನಮೂದಿಸದಿದ್ದಲ್ಲಿ 2 ಎಂದು ಭಾವಿಸಬೇಕು. ಬಸ್ಸಿನಲ್ಲಿ ಟಿಕೆಟ್ ಕಡ್ಡಾಯ. ತೆಗೆದುಕೊಳ್ಳದವರನ್ನು ಮೆಜೆಸ್ಟಿಕ್‌ಗೆ ಹೊರಟವರೆಂದು ತಿಳಿಯತಕ್ಕದ್ದು! ಪುಸ್ತಕ ನಂಬಿ ಬಿಟ್ಟುಬಿಟ್ಟಿರೋ, ಜಾತಕವನ್ನು ಯಂತ್ರದ ಭಾಷೆಗೆ ಇಳಿಸುವ ಡಿಟಿಸಿ ಕಂಪೈಲರ್ 'ಡೀಫಾಲ್ಟ್ ನಂಬಿಕೊಂಡಿದ್ದೀರಿ' ಅಂತ ವಾರ್ನಿಂಗ್ ಕೊಡುತ್ತದೆ. ನಂಬು ಅಂದವರು ಯಾರಪ್ಪಾ?

ಇನ್ನೊಂದು ಕಥೆ ಇದಕ್ಕಿಂತ ರುಚಿ. ಹೌದು-ಅಲ್ಲ ಹೇಳುವ ಪ್ರಾಪರ್ಟಿಗಳಿಗೆ ಬೆಲೆಯೇ ಇಲ್ಲ. ಹೆಸರು ಇದ್ದರೆ ಹೌದು, ಇಲ್ಲದಿದ್ದರೆ ಅಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಈಈಪ್ರಾಮ್ ಎಂಬ ಮೆಮೊರಿ ಚಿಪ್ಪಿಗೆ ಬರೆಯಬೇಕಿತ್ತು. 'ರೀಡ್-ಓನ್ಲಿ' ಇದ್ದ ಕಡೆ ಜಾಣತನದಿಂದ 'ಈಕ್ವಲ್ ಟು ಸೊನ್ನೆ' ಸೇರಿಸಿದ. ಕಂಪೈಲರ್ ಕೆಮ್ಮಲೂ ಇಲ್ಲ. ಈಈಪ್ರಾಮ್ ಮಾತ್ರ ಜಪ್ಪಯ್ಯ ಅಂದರೂ ಬರೆಸಿಕೊಳ್ಳಲಿಲ್ಲ. ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು ಹಾಕಿ, ಕೆಳಗೆ ಸಣ್ಣದಾಗಿ 'ಒಟ್ಟು ನಾಯಿಗಳು: 0' ಅಂತ ಬರೆದ ಹಾಗೆ. ಪೋಸ್ಟ್‌ಮ್ಯಾನ್ ಒಳಗೆ ಬರುತ್ತಾನಾ?

ಬೇರೆಯವರ ಮನೆಯೂ ಅಷ್ಟಕ್ಕಷ್ಟೇ. ಇಂಟರ್ನೆಟ್ ನಿಯಮ ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಎಂಬ ದಸ್ತಾವೇಜು ಬರೆದು 'ಮಸ್ಟ್', 'ಶುಡ್', 'ಮೇ' ಪದಗಳಿಗೆ ತೂಕ ಕಟ್ಟಿದ್ದರು. ಇಪ್ಪತ್ತು ವರ್ಷ ಬಿಟ್ಟು, 2017ರಲ್ಲಿ, ಇನ್ನೊಂದು ಆರ್‌ಎಫ್‌ಸಿ ತಂದರು: ದೊಡ್ಡಕ್ಷರದಲ್ಲಿದ್ದರೆ ಮಾತ್ರ ಆ ತೂಕ, ಚಿಕ್ಕಕ್ಷರದ 'ಮಸ್ಟ್' ಬರೀ ಇಂಗ್ಲಿಷು. ನಮ್ಮ ಲಿಪಿಗೆ ದೊಡ್ಡಕ್ಷರದ ಭಾಗ್ಯವಿಲ್ಲ. ಕನ್ನಡದಲ್ಲಿ ಸ್ಪೆಸಿಫಿಕೇಶನ್ ಬರೆದರೆ ಕಡ್ಡಾಯದ ವಾಕ್ಯ ಬಂದಾಗಲೆಲ್ಲ ಒಬ್ಬರು ಪಕ್ಕದಲ್ಲಿ ನಿಂತು ಕಿರುಚಬೇಕಾದೀತು.

ಓಕೆ ಸಿಕ್ಕ ರಾತ್ರಿ ಆ ಹುಡುಗನೂ ಜೊತೆಯಲ್ಲಿದ್ದ.

"ಸಾರ್, ಇದನ್ನ ನಮ್ಮ ಬೋರ್ಡ್ ಡಾಕ್ಯುಮೆಂಟಲ್ಲಿ ಬರೀಬಹುದಾ?"

"ಬರೀಬಹುದು," ಅಂದೆ, ಬ್ಯಾಗು ಹೆಗಲಿಗೇರಿಸುತ್ತಾ.

ಮೊನ್ನೆ ತೆಗೆದು ನೋಡಿದರೆ ಒಂದಕ್ಷರ ಇಲ್ಲ. ಕರೆದು ಕೇಳಿದೆ.

"ನೀವು 'ಬಹುದು' ಅಂದ್ರಿ ಸಾರ್. 'ತಕ್ಕದ್ದು' ಅನ್ನಲಿಲ್ಲ."