ಮೌತ್ ಆರ್ಗನ್‌ಗೆ ಬಕೆಟ್ ಸಾಥ್

ನಮ್ಮೂರಲ್ಲಿ ಮೌತ್ ಆರ್ಗನ್ ಕೈಗೆತ್ತಿಕೊಂಡರೆ ಸಾಕು, "ಆ ಹಳೇ ಹಿಂದಿ ಹಾಡು ಬಾರಿಸಿ" ಅನ್ನುತ್ತಾರೆ. ಯಾವ ಹಾಡು ಅಂತ ಕೇಳುವ ಹಾಗಿಲ್ಲ. ಏನು ಬಾರಿಸಿದರೂ ಅವರಿಗೆ ಅದೇ ಹಾಡು.

ಅದಕ್ಕೇ ನಾನು ಜಮೈಕಾ ದ್ವೀಪದ ರೆಗೇ ಸಂಗೀತ ಹಿಡಿದೆ. ಚಿಕ್ಕಮಗಳೂರಿನಲ್ಲಿ ಜೂನ್ ಮಳೆ ಹಿಡಿದಿತ್ತು, ಕರೆಂಟ್ ಹೋಗಿತ್ತು, ಟ್ರಂಕ್ ತಳದಲ್ಲಿ ಕಾಲೇಜು ಕಾಲದ ಹತ್ತು ತೂತಿನ ಮೌತ್ ಆರ್ಗನ್ ಸಿಕ್ಕಿತು. ಜಮೈಕಾದಲ್ಲೂ ಗುಡ್ಡ ಇದೆ, ಮಳೆ ಇದೆ, ಬ್ಲೂ ಮೌಂಟನ್ ಕಾಫಿ ಇದೆ. ನಮಗೆ ಬಾಬಾಬುಡನ್‌ಗಿರಿ ಇದೆ. ಅಂದಮೇಲೆ ದೂರದ ನೆಂಟರೇ ಅಲ್ವಾ?

ಶುರು ಮಾಡಿದ್ದು ರೆಗೇ ಗಾಯಕ ಬಾಬ್ ಮಾರ್ಲಿಯ 'ತ್ರೀ ಲಿಟಲ್ ಬರ್ಡ್ಸ್'. 1977ರ 'ಎಕ್ಸೋಡಸ್' ಆಲ್ಬಂನದು. ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಮಕ್ಕಳೂ ನುಡಿಸಬಹುದು ಅಂತ ಎಲ್ಲರೂ ಹೇಳುವ ಹಾಡು. ಆ ಎಲ್ಲರ ಕೈಯಲ್ಲೂ ಗಿಟಾರ್ ಇರುತ್ತದೆ. ನನ್ನದು ಸಿ ಶ್ರುತಿಯ ಮೌತ್ ಆರ್ಗನ್. ಎಡಗಡೆ ಮೂರು ತೂತು ಊದಿದರೆ ಸಿ ಕಾರ್ಡ್, ಅದೇ ಜಾಗದಲ್ಲಿ ಉಸಿರು ಎಳೆದರೆ ಜಿ. ಮೂರನೆಯದು ಎಫ್. ಅದು ಆ ಕಡೆ ಇಲ್ಲವೇ ಇಲ್ಲ! ಐದು ಮತ್ತು ಆರನೇ ತೂತು ಎಳೆದರೆ ಎಫ್ ಮತ್ತು ಎ ಎರಡೇ ಸ್ವರ ಸಿಗುತ್ತವೆ. ತುಟಿ ಚೂರು ಎಡಕ್ಕೆ ಜಾರಿದರೆ ಡಿ ಬಂದು ಸೇರಿಕೊಂಡು, ನಿಶ್ಚಿಂತೆಯ ಹಾಡು ತಿಥಿ ಮನೆ ಹಾಡಾಗುತ್ತದೆ.

ಇನ್ನು ಉಸಿರಿನ ಕತೆ. ರೆಗೇಯಲ್ಲಿ ಕಾರ್ಡ್ ಬೀಳುವುದು ಎರಡು ಮತ್ತು ನಾಲ್ಕನೇ ಎಣಿಕೆಗೆ, ಚಕ್, ಚಕ್ ಅಂತ ತುಂಡಾಗಿ. ಸಿ ಕಾರ್ಡನ್ನೇ ಬಾರಿಸುತ್ತಾ ಹೋದರೆ ಊದಿದ್ದೇ ಊದಿದ್ದು, ಎದೆ ಖಾಲಿ. ಜಿ ಬಂದರೆ ಎಳೆದದ್ದೇ ಎಳೆದದ್ದು, ಹೊಟ್ಟೆ ಉಬ್ಬಿದ ಪೂರಿ. ಹೆಚ್ಚು ಕಡಿಮೆಯಾದದ್ದನ್ನು ಮಧ್ಯೆ ಮೂಗಿನಿಂದ ಸರಿಮಾಡಿಕೊಳ್ಳಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ಮೂಗು ಅನ್ನುವುದು ಮುಖದ ಅಲಂಕಾರಕ್ಕೆ ಮಾತ್ರ. ಎರಡನೇ ಸಾಲಿಗೇ ಕಣ್ಣು ಕತ್ತಲೆ ಬಂದು ಕೂತೆ. ಹೆಂಡತಿ ಕಷಾಯ ತಂದಿಟ್ಟು, "ಇದನ್ನೂ ಊದಿ ಕುಡೀರಿ" ಅಂದಳು.

ಒಂದು ಬೆಳಿಗ್ಗೆ ನಾಲ್ಕನೇ ತೂತು ಸ್ವರವನ್ನೇ ಬಿಡಲಿಲ್ಲ. ಹಿಂದಿನ ರಾತ್ರಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದವನು ಬಾಯಿ ತೊಳೆಯದೆ ಬಾರಿಸಿದ್ದೆ. ಕನ್ನಡಕದ ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿದೆ. ಹಿತ್ತಾಳೆ ನಾಲಿಗೆಗಳು ಸಾಲಾಗಿ ಮಲಗಿದ್ದವು, ಉದ್ದದಿಂದ ಗಿಡ್ಡಕ್ಕೆ, ಶಾಲೆ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ನಾಲ್ಕನೆಯದರ ಸಂದಿಯಲ್ಲಿ ತೆಂಗಿನಕಾಯಿಯ ಒಂದು ಎಳೆ, ಕೂದಲಿಗಿಂತ ಚೂರು ದಪ್ಪ. ಒಳಗಡೆ ಒಂದು ಸಾಸಿವೆ ಕಾಳು ಬೇರೆ, ಒಗ್ಗರಣೆ ಪೂರ್ತಿಯಾಗಲಿ ಅಂತ. ಎಳೆ ತೆಗೆದೆ. ಸಾಸಿವೆ ಹಾರಿ ಎಲ್ಲೋ ಹೋಯಿತು. ಅದರ ಹಿಂದೆಯೇ ಒಂದು ಸ್ಕ್ರೂ ಕೂಡ. ಈಗ ಆ ಬದಿಗೆ ರಬ್ಬರ್ ಬ್ಯಾಂಡ್.

ಇಷ್ಟಾದರೂ ಹಾಡು ರೆಗೇ ಥರ ಕೇಳಿಸಲಿಲ್ಲ. ಭಜನೆ ಥರ ಕೇಳಿಸಿತು. ಪಕ್ಕದ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಮೇಡಂ ಇದ್ದಾರೆ. ಕಾಂಪೌಂಡ್ ಮೇಲಿಂದ ಕೇಳಿದರು, "ತಾಳ ಯಾವುದು?" ಮೊಬೈಲಿನಲ್ಲಿ ಅಸಲಿ ಹಾಡು ಹಾಕಿದೆ. ತೊಡೆ ತಟ್ಟಿ ಆದಿತಾಳ ಹಿಡಿದರು. ಎರಡು ಆವರ್ತ ಆದಮೇಲೆ ಕೈ ನಿಂತಿತು. "ಇದ್ರಲ್ಲಿ ಡ್ರಮ್ಮು ಸಮಕ್ಕೆ ಹೊಡೆಯೋದೇ ಇಲ್ವಲ್ರೀ!"

ಗುಟ್ಟು ಇರುವುದೇ ಅಲ್ಲಿ. ರೆಗೇಯ ಒಂದು ಮುಖ್ಯ ಲಯದಲ್ಲಿ ನಾಲ್ಕು ಎಣಿಕೆಯ ಮೊದಲನೆಯದನ್ನು ಡ್ರಮ್ ಖಾಲಿ ಬಿಡುತ್ತದೆ, ಮೂರನೆಯದಕ್ಕೆ ಬಂದು ಬೀಳುತ್ತದೆ. ಹೆಸರು ಒನ್ ಡ್ರಾಪ್. ಮೇಡಂ ಸ್ವಲ್ಪ ಯೋಚಿಸಿ, "ನಮ್ಮಲ್ಲೂ ಅನಾಗತ ಅಂತ ಇದೆ, ತಾಳ ಶುರುವಾದ ಮೇಲೆ ಹಾಡು ಎತ್ಕೊಳ್ಳೋದು. ಆದ್ರೆ ನಿಮ್ಮದು ಅದೂ ಅಲ್ಲ, ಸುಮ್ನೆ ತಪ್ಪು" ಅಂದರು. ನಿಜ. ನನಗೆ ಮೊದಲ ಪೆಟ್ಟು ಖಾಲಿ ಬಿಡಲು ಬರುವುದಿಲ್ಲ. ಖಾಲಿ ಜಾಗ ಕಂಡರೆ ಟವೆಲ್ ಹಾಕುವ ಬಸ್ ಪ್ರಯಾಣಿಕನ ಬುದ್ಧಿ.

ಸಹಾಯಕ್ಕೆ ಬಂದದ್ದು ನಮ್ಮ ಮನೆ ಸೂರು. ಜುಲೈನ ಒಂದು ರಾತ್ರಿ ನಡುಮನೆಯ ಹೆಂಚು ಸೋರಿ ಬಕೆಟ್ ಇಟ್ಟೆವು. ಟಪ್. ಮೂರು ಸೆಕೆಂಡ್ ಬಿಟ್ಟು ಮತ್ತೆ ಟಪ್. ನಾನು ಆ ಟಪ್ಪನ್ನು ಮೂರು ಅಂತ ಎಣಿಸಿದೆ. ನಾಲ್ಕಕ್ಕೆ ಚಕ್. ಒಂದಕ್ಕೆ ತೆಪ್ಪಗಿರು. ಎರಡಕ್ಕೆ ಚಕ್. ಮೂರಕ್ಕೆ ಬಕೆಟ್ ನೋಡಿಕೊಳ್ಳುತ್ತದೆ. ಒನ್ ಡ್ರಾಪ್ ಅಂದರೆ ನಿಜಕ್ಕೂ ಒಂದೇ ಹನಿ! ಆ ರಾತ್ರಿ ನಾನು ಬಾರಿಸಿದ್ದು ರೆಗೇ. ಮೇಡಂ ಮನೆ ಕಿಟಕಿ ತೆರೆದದ್ದು ಕಂಡಿತು. ಮುಚ್ಚಲೆಂದೇ ತೆರೆದರೋ ಏನೋ, ಗೊತ್ತಿಲ್ಲ.

ಹತ್ತು ದಿನ ನನ್ನ ಡ್ರಮ್ಮರ್ ಒಂದು ದಿನವೂ ರಜೆ ಹಾಕಲಿಲ್ಲ. ಮಳೆ ಜೋರಾದರೆ ಮಾತ್ರ ಅವಸರ ಮಾಡುತ್ತಿದ್ದ. ಹನ್ನೊಂದನೇ ದಿನ ಮಳೆ ಬಿಡುವು ಕೊಟ್ಟಾಗ ಹೆಂಡತಿ ಹೆಂಚಿನವನನ್ನು ಕರೆಸಿದಳು. "ಎರಡು ಒಡೆದಿದೆ ಸಾರ್, ಎರಡೂ ಬದಲಾಯಿಸ್ತೀನಿ" ಅಂದ. "ಒಂದು ಸಾಕು" ಅಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ. ಎರಡೂ ಬದಲಾದವು.

ಸಂಜೆ ಬಕೆಟ್ ಬಚ್ಚಲಿಗೆ ಒಯ್ದು ನಲ್ಲಿ ಚೂರೇ ಚೂರು ತಿರುಗಿಸಿದೆ. ಟಪ್ ಟಪ್ ಟಪ್ ಟಪ್. ಇದು ಸ್ಕಾ! ಜಮೈಕಾದಲ್ಲಿ ರೆಗೇಗೆ ಮುಂಚೆ ಇದ್ದ ಓಟದ ಸಂಗೀತ. ಅದು ನಿಧಾನವಾಗಿ ರಾಕ್‌ಸ್ಟೆಡಿ ಆಗಿ, ಅಲ್ಲಿಂದ 1968ರ ಹೊತ್ತಿಗೆ ರೆಗೇ ಆಯಿತು. ಅವರಿಗೇ ವರ್ಷಗಟ್ಟಲೆ ಹಿಡಿದಿದೆ, ನಾನು ನಲ್ಲಿ ತಿರುಪಿನಲ್ಲಿ ಮಾಡಬೇಕಿತ್ತು.

"ಒಳಗೆ ಏನ್ರೀ ಮಾಡ್ತಿದ್ದೀರಾ, ನೀರು ಸುಮ್ನೆ ಹೋಗ್ತಿದೆ" ಅಂತ ಹೆಂಡತಿ ಬಾಗಿಲು ಬಡಿದಳು.

"ಇರೇ, ಇನ್ನೂ 1964ರಲ್ಲಿದ್ದೀನಿ."