ಖಾಲಿ ಜಾಗದ ಆಡಳಿತ

ಕಚೇರಿಯ ಸುತ್ತೋಲೆಗೆ ಆಧಾರ ಮೇಲಿನ ಉಲ್ಲೇಖವೂ ಅಲ್ಲ, ಕೆಳಗಿನ ಸಹಿಯೂ ಅಲ್ಲ, ಸ್ಪೇಸ್‌ಬಾರ್. ನಂಬಿಕೆ ಬಾರದಿದ್ದರೆ ಒಂದನ್ನು ವರ್ಡ್‌ನಲ್ಲಿ ತೆರೆದು ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ದಿನಾಂಕದ ಎಡಕ್ಕೆ ಇರುವೆ ಸಾಲಿನಂತೆ ಚುಕ್ಕಿಗಳು ಕಾಣುತ್ತವೆ. ಒಂದು ಚುಕ್ಕಿಗೆ ಒಂದು ಸ್ಪೇಸ್. ದಿನಾಂಕವನ್ನು ಬಲ ಅಂಚಿಗೆ ಕಳಿಸಲು ಕಂಟ್ರೋಲ್ ಆರ್ ಸಾಕು. ಆದರೆ ಅಷ್ಟು ಬೇಗ ಮುಗಿದರೆ ಅದನ್ನು ಕೆಲಸ ಅನ್ನುತ್ತಾರೆಯೇ?

ಈ ಹೆಬ್ಬೆರಳ ವಿದ್ಯೆ ಟೈಪ್‌ರೈಟರಿನ ಬಳುವಳಿ. ಅಲ್ಲಿ ಸಾಮಾನ್ಯವಾಗಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಎಣಿಸಿ ಒತ್ತಿದರೆ ಸಾಲು ನೆಟ್ಟಗೆ ನಿಲ್ಲುತ್ತಿತ್ತು. ಈಗಿನ ಫಾಂಟಿನಲ್ಲಿ 'ರ' ಕೂರುವ ಜಾಗದಲ್ಲಿ 'ಯ' ಕೂರದು. ಸ್ಪೇಸ್ ಒತ್ತಿ ಜೋಡಿಸಿದ ಹೆಸರುಗಳ ಪಟ್ಟಿ ಬೇರೆ ಕಂಪ್ಯೂಟರಿಗೆ ಹೋಗಿ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಹೆಸರುಗಳೆಲ್ಲ ದಿಕ್ಕಾಪಾಲು. ತಪ್ಪು ಯಾರದು? ವೈರಸ್‌ನದು, ಇನ್ಯಾರದು!

ಅರ್ಜಿ ನಮೂನೆಯದು ಇನ್ನೂ ಮಜಾ. 'ಹೆಸರು' ಎಂಬುದರ ಮುಂದೆ ಕೈಯಾರೆ ಒತ್ತಿದ 30 ಅಂಡರ್‌ಸ್ಕೋರ್. ಅರ್ಜಿದಾರ ಅಕ್ಷರ ಒತ್ತಿದಂತೆಲ್ಲ ಗೆರೆ ಹೆದರಿ ಮುಂದೆ ಓಡುತ್ತದೆ, ಕೆಳಗಿನ ಸಾಲಿಗೆ ಬೀಳುತ್ತದೆ, ಕೊನೆಗೆ ಸಹಿಯ ಜಾಗವನ್ನೇ ಎರಡನೇ ಪುಟಕ್ಕೆ ತಳ್ಳುತ್ತದೆ. ರೂಲರ್ ಎಂಬ ಪುಟದ ಮೇಲಿನ ಅಳತೆಪಟ್ಟಿಯಲ್ಲಿ ಗೆರೆ ಮುಗಿಯಬೇಕಾದ ಕಡೆ ಬಲ ಟ್ಯಾಬ್ ಗುರುತು ಒಂದನ್ನಿಟ್ಟು, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಲೀಡರ್ 4 (ಅಡಿಗೆರೆ) ಆರಿಸಿ, ಒಮ್ಮೆ ಟ್ಯಾಬ್ ಒತ್ತಿದರೆ ಗೆರೆ ತಾನೇ ಬರುತ್ತದೆ. ಗೆರೆ ಶುರುವಾಗುವ ಜಾಗದಲ್ಲಿ ಬರೆಯುತ್ತಾ ಹೋದಷ್ಟೂ ಅದೇ ಕುಗ್ಗುತ್ತದೆ. ಇಷ್ಟು ವಿನಯವಂತ ಗೆರೆ ಕಚೇರಿಗೆ ಒಗ್ಗುವುದಿಲ್ಲವೇನೋ.

ಇನ್ನು ಗಾಂಭೀರ್ಯ ಬೇಕೆನಿಸಿದಾಗ ಇಡೀ ಪುಟಕ್ಕೆ ಕಂಟ್ರೋಲ್ ಜೆ. ಎರಡೂ ಅಂಚು ಸಮ. ಕನ್ನಡದ ಪದಗಳು ಮೊದಲೇ ಉದ್ದ. 'ಸಲ್ಲಿಸಬೇಕಾಗಿರುವುದರಿಂದ' ಎಂಬುದು ಹಿಡಿಸದೆ ಕೆಳಗಿಳಿದರೆ ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ಲಾರಿ ತಿರುಗಿಸಬಹುದು. 'ತಮ್ಮ ವಿಶ್ವಾಸಿ' ಎಂಬುದರ ಕೊನೆಗೆ ಶಿಫ್ಟ್ ಎಂಟರ್ ಒತ್ತಿದ್ದರಂತೂ 'ತಮ್ಮ' ಎಡಗೋಡೆಗೆ, 'ವಿಶ್ವಾಸಿ' ಬಲಗೋಡೆಗೆ. ಪ್ಯಾರಾದ ಕೊನೆಯ ಸಾಲನ್ನು ವರ್ಡ್ ಹಿಗ್ಗಿಸುವುದಿಲ್ಲ. ಶಿಫ್ಟ್ ಎಂಟರ್ ಕಂಡರೆ ಪ್ಯಾರಾ ಇನ್ನೂ ಮುಗಿದಿಲ್ಲ ಎಂದುಕೊಂಡು ಎಳೆಯುತ್ತದೆ. ಬರಿಯ ಎಂಟರ್ ಒತ್ತಿದ್ದರೆ ವಿಶ್ವಾಸಿ ಜೊತೆಗೇ ಇರುತ್ತಿದ್ದ.

ಕಂಟ್ರೋಲ್ ಕ್ಯೂ ಒತ್ತಿದರೆ ಪ್ಯಾರಾಗೆ ಕೈಯಾರೆ ಮಾಡಿದ ಅಲಂಕಾರ ಕಳಚುತ್ತದೆ, ಸ್ಪೇಸ್‌ಗಳು ಮಾತ್ರ ಜಗ್ಗುವುದಿಲ್ಲ. ಅವು ಅಕ್ಷರಗಳ ಸಮಾನರು, ಕಾಯಂ ನೌಕರರು.

ಹೊಸ ಸುತ್ತೋಲೆ ಎಂದರೆ ಹಳೆಯ ಫೈಲಿಗೆ ಹೊಸ ದಿನಾಂಕ. ಒಂದಂಕಿಯ ತಿಂಗಳು ಹೋಗಿ ಅಕ್ಟೋಬರ್ ಬಂದ ಕೂಡಲೇ ಇಸವಿ ಕೆಳಗಿನ ಸಾಲಿಗೆ ಜಾರುತ್ತದೆ. ಆಗ ತುರ್ತಾಗಿ ಎರಡು ಸ್ಪೇಸ್ ಅಳಿಸಲಾಗುತ್ತದೆ. ಜನವರಿಯಲ್ಲಿ ಮರಳಿ ಒತ್ತಲಾಗುತ್ತದೆ.