ಅಂಜುಬುರುಕ ಮೀನಿಗೂ ಹೊಟ್ಟೆ ಅದ

ನಮ್ಮ ಕಲಬುರಗಿಯಲ್ಲಿ ಸಮುದ್ರದ ಮೀನು ಸಾಕುವವರು ಇಬ್ಬರು ಕೂಡಿದರೆ ಮಾತೆಲ್ಲ ನೀರಿನದ್ದೇ. ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇದೆಯಾ, ಮೇ ತಿಂಗಳಲ್ಲಿ ನೀರು ತಂಪು ಮಾಡುವ ಚಿಲ್ಲರ್ ತಡೀತದಾ, ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು. ಊಟದ ಮಾತು ಬಂದರೆ ಮಾತ್ರ "ದಿನಾ ಎರಡು ಸಲ ಒಂದು ಚಿಟಿಕಿ ಹಾಕ್ತೀನ್ರಿ" ಅಂತ ಮುಗಿಸಿಬಿಡ್ತಾರೆ. ಹಾಕ್ತೀರಿ ಸರಿ, ಅದು ಯಾರ ಬಾಯಿಗೆ ಹೋಗ್ತದ?

ಕ್ಲೌನ್, ಡ್ಯಾಮ್ಸೆಲ್, ಟ್ಯಾಂಗ್ ಅನ್ನುವ ಜೋರಿನ ಮೀನುಗಳಿಗೆಲ್ಲ ನಿಮ್ಮ ಕೈ ಗೊತ್ತು. ಮುಚ್ಚಳ ಸರಿಸುವ ಸದ್ದಿಗೇ ಮೇಲೆ ಬಂದು ನಿಲ್ಲುತ್ತವೆ. ಫೈರ್‌ಫಿಶ್ ಅನ್ನುವ ಅಂಜುಬುರುಕ ಮೀನು ಹಂಗಲ್ಲ. ಕಲ್ಲಿನ ಸಂದಿಯಿಂದ ಅರ್ಧ ಮೈ ಹೊರಗಿಟ್ಟು, ಬೆನ್ನ ಮೇಲಿನ ಉದ್ದನೆಯ ಕಡ್ಡಿಯಂಥ ರೆಕ್ಕೆ ಪಟಪಟ ಆಡಿಸುತ್ತ ಅಲ್ಲೇ ತೇಲುತ್ತದೆ. ತೇಲಿ ಬಂದದ್ದನ್ನು ಮಾತ್ರ ಹಿಡಿಯುತ್ತದೆ. ಡ್ಯಾಮ್ಸೆಲ್ ಒಮ್ಮೆ ನುಗ್ಗಿದರೆ ಫೈರ್‌ಫಿಶ್ ಸಂದಿಯೊಳಗೆ ಮಾಯ. ಅದು ಹೊರಗೆ ಬರುವಷ್ಟರಲ್ಲಿ ಪಂಕ್ತಿ ಎದ್ದಿರುತ್ತದೆ. ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಬಡಿಸುವವರು ಕೊನೆಯ ಎಲೆಯವರೆಗೆ ನಡೆದು ಹೋಗುತ್ತಾರೆ, ಮುಂದೆ ಕೂತವರ ನಡುವೆ ಹಂಡೆ ಸುರಿದು ಕೈ ತೊಳೆಯೋದಿಲ್ಲ.

ಇದಕ್ಕೆ ಕೆಲವರು "ಎಲ್ಲರಿಗೂ ಸಿಗಲಿ" ಅಂತ ಇನ್ನೊಂದು ಮುಷ್ಟಿ ಸುರಿಯುತ್ತಾರೆ. ಇದನ್ನು ನಾನು ಒಪ್ಪಲ್ಲ. ಜೋರಿನ ಮೀನು ಇನ್ನಷ್ಟು ಉಬ್ಬುತ್ತದೆ, ಉಳಿದದ್ದು ಕೊಳೆತು ನೈಟ್ರೇಟ್, ಫಾಸ್ಫೇಟ್ ಏರುತ್ತದೆ, ಪಾಚಿ ಕಟ್ಟುತ್ತದೆ. ಅಂಜುಬುರುಕನಿಗೆ ಊಟವೂ ಇಲ್ಲ, ಒಳ್ಳೆ ನೀರೂ ಇಲ್ಲ.

ಮಾಡಬೇಕಾದ್ದು ಬೇರೆ. ಟ್ಯಾಂಗ್ ಇದ್ದರೆ ಒಂದು ಮೂಲೆಯಲ್ಲಿ ಕ್ಲಿಪ್ಪಿಗೆ ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆ ಸಿಕ್ಕಿಸಿ, ಅದು ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಉಳಿದ ಜೋರಿನವಕ್ಕೂ ಅದೇ ಬದಿಗೆ ಮೊದಲು ಹಾಕಿ. ಆಮೇಲೆ ನೀರಿಗೆ ಅಲೆ ಎಬ್ಬಿಸುವ ಪಂಪ್ (ವೇವ್‌ಮೇಕರ್) ನಿಲ್ಲಿಸಿ, ಮಂಜು ಕರಗಿಸಿದ ಫ್ರೋಜನ್ ಮೈಸಿಸ್ ಸೀಗಡಿಯನ್ನು ಉದ್ದನೆಯ ಪಿಪೆಟ್ ಕೊಳವೆಯಲ್ಲಿ ಎಳೆದುಕೊಂಡು ಸಂದಿಯ ಮುಂದೆ ಸ್ವಲ್ಪ ಸ್ವಲ್ಪ ಬಿಡಿ. ಮೀನಿನ ಮೋರೆಗೇ ಪಿಚಕಾರಿ ಹೊಡೆದರೆ ಓಡಿಹೋಗುತ್ತದೆ, ತುಸು ಮೇಲಿಂದ ಬಿಟ್ಟರೆ ತಾನೇ ಇಳಿದು ಬಾಯಿಗೆ ಬರುತ್ತದೆ. ಬಾಯಿ ಸಣ್ಣದಿದ್ದರೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ ಕೊಡಿ. 28 ಡಿಗ್ರಿ ಆಸುಪಾಸು ಇದ್ದರೆ ಆ ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತವೆ. ನಮ್ಮೂರ ಸೆಕೆಯಿಂದ ಈ ಹವ್ಯಾಸಕ್ಕೆ ಆದ ಉಪಕಾರ ಇದೊಂದೇ ಇರಬೇಕು! ಪಂಪ್ ವಾಪಸ್ ಹಚ್ಚೋದು ಮರೀಬ್ಯಾಡ್ರಿ.

ಹೊಟ್ಟೆ ಖಾಲಿಯಿದ್ದ ಮೀನು ಬದಿಯಿಂದ ನೋಡಿದರೆ ತಿಳಿಯುತ್ತದೆ. ಹೊಟ್ಟೆ ಒಳಗೆ ಹೋಗಿರುತ್ತದೆ, ತಲೆಯ ಹಿಂದೆ ಬೆನ್ನಿನ ಮಾಂಸ ಇಳಿದಿರುತ್ತದೆ. ಅಂಥದ್ದು ಸತ್ತರೆ "ರೋಗ ಬಂತು" ಅನ್ನುವವರೇ ಬಹಳ. ನನ್ನ ಗುಮಾನಿ, ಅದರಲ್ಲಿ ಎಷ್ಟೋ ಹಸಿವಿನ ಸಾವು.

ಮ್ಯಾಂಡರಿನ್ ಮೀನಿನದು ಬೇರೆ ಕಥೆ. ನೀಲಿ, ಕಿತ್ತಳೆ ಬಳ್ಳಿ ಬರೆದಂಥ ಮೈ ಕಂಡು ಜನ ಮರುಳಾಗುತ್ತಾರೆ. ಅದು ಹಗಲೆಲ್ಲ ಕಲ್ಲಿನ ಮೇಲಿನ ಕೋಪಿಪಾಡ್ ಅನ್ನುವ ಕಣದಂಥ ಹುಳ ಒಂದೊಂದಾಗಿ ಹೆಕ್ಕಿ ಬದುಕುವ ಪ್ರಾಣಿ. ಫ್ರೋಜನ್ ತಿನಿಸು ಮುಟ್ಟದವೇ ಹೆಚ್ಚು. ಈ ಹುಳ ಇನ್ನೂ ಬೆಳೆಯದ ಹೊಸ ತೊಟ್ಟಿಗೆ ಅದನ್ನು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು.

ಇಂಥ ಮೀನು ತರುವ ಮುನ್ನ ಅಂಗಡಿಯವರಿಗೆ "ಅಣ್ಣಾ, ಇದು ಏನು ತಿಂತದ? ನನ್ನ ಮುಂದೇ ಒಮ್ಮೆ ತಿನಿಸಿ ತೋರಿಸ್ರಿ" ಅಂತ ಕೇಳಿ. ಹೊಸದಾಗಿ ಬಂದಿದ್ದರೆ ಒಂದು ವಾರ ಬಿಟ್ಟು ಮತ್ತೆ ಹೋಗಿ ಕೇಳಿ. ಸಿಡಿಮಿಡಿ ಅಂದರೆ ಬರಿಗೈಲೇ ವಾಪಸ್ ಬನ್ನಿ.